ಕಿಟಕಿ ಕಿತ್ತು ಎಸೆಯುವ ಮೊದಲು

ಚಿಕ್ಕಲಸಂದ್ರದ ಯಾವುದಾದರೂ ಅಡ್ಡರಸ್ತೆಯಲ್ಲಿ ಹಳೆ ಮನೆ ರಿಪೇರಿಗೆ ಬಿದ್ದಿದ್ದರೆ ಗೇಟಿನ ಹೊರಗೆ ಕಾಣುವ ರಾಶಿ ಹೆಚ್ಚುಕಡಿಮೆ ಒಂದೇ ಥರದ್ದು. ಒಡೆದ ಮೊಸಾಯಿಕ್ ಚೂರು, ತುಕ್ಕು ತಿಂದ ಜಿ.ಐ. ಪೈಪು, ಗೋಡೆಗೆ ಒರಗಿಸಿಟ್ಟ ನಾಲ್ಕೈದು ಮರದ ಕಿಟಕಿ. ಗುಜರಿಯವನು ಬಂದರೆ ಮೊದಲು ಕೈ ಹಾಕುವುದು ಕಿಟಕಿಗೆ. ಚೌಕಟ್ಟಿನ ಒಂದು ಮೂಲೆಯನ್ನು ಉಗುರಿನಿಂದ ಕೆರೆದು ಬಣ್ಣದಡಿಯ ಮರ ನೋಡುತ್ತಾನೆ, ಎತ್ತಿ ತೂಕ ನೋಡುತ್ತಾನೆ, ಮುಖದಲ್ಲಿ ಏನನ್ನೂ ತೋರಿಸದೆ ಒಂದು ರೇಟು ಹೇಳುತ್ತಾನೆ. ಸರಳಿಗೆ ಕಬ್ಬಿಣದ ರೇಟು, ಮರಕ್ಕೆ ಬೇರೆ ರೇಟು. ಮನೆಯವರು ‘ತಗೊಂಡು ಹೋಗಪ್ಪಾ, ಜಾಗ ಖಾಲಿಯಾದ್ರೆ ಸಾಕು’ ಅನ್ನುತ್ತಾರೆ.

ಹಳೆಯ ಕಿಟಕಿಯನ್ನು ರಿಪೇರಿ ಮಾಡಿಸಬೇಕೋ, ಕಿತ್ತು ಹೊಸದು ಹಾಕಿಸಬೇಕೋ? ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಯುಪಿವಿಸಿ ಅಂಗಡಿಯವರು ಎಲ್ಲ ತೆಗೆಸಿಬಿಡಿ ಸರ್ ಅನ್ನುತ್ತಾರೆ. ಪೇಂಟರ್ ಪುಟ್ಟಿ ಹಾಕಿ ಎರಡು ಕೋಟ್ ಹೊಡೆದರೆ ಹೊಸದರಂತೆ ಕಾಣುತ್ತದೆ ಅನ್ನುತ್ತಾರೆ. ಗ್ರಿಲ್ ಅಂಗಡಿಯವರಿಗೆ ಹೊರಗಿನಿಂದ ಒಂದು ಬಾಕ್ಸ್ ಗ್ರಿಲ್ ಕೂರಿಸುವುದೇ ಎಲ್ಲದಕ್ಕೂ ಮದ್ದು. ಹಳೇ ಕಾಲದ ಆಚಾರಿ ಸಿಕ್ಕಿದರೆ ಆತ ಏನೂ ಹೇಳುವ ಮೊದಲು ಸ್ಕ್ರೂಡ್ರೈವರ್ ತೆಗೆದು ಕೆಳಪಟ್ಟಿಗೆ ಚುಚ್ಚಿ ನೋಡುತ್ತಾರೆ. ನನ್ನ ಮತ ಆಚಾರಿಯದು. ಕೆಟ್ಟಿರುವುದು ಬಹುಪಾಲು ಕಿಟಕಿಯ ಒಂದು ತುಂಡು ಮಾತ್ರ. ಅದನ್ನು ಕೆಡಿಸಿದ್ದು ನೀರು. ಆ ನೀರಿನ ದಾರಿ ಸರಿಮಾಡದೆ ಯಾವ ಕಂಪನಿಯ ಹೊಸ ಕಿಟಕಿ ತಂದು ಕೂರಿಸಿದರೂ ಗೋಡೆ ಒದ್ದೆಯಾಗುವುದು ತಪ್ಪುವುದಿಲ್ಲ.

ಪದ್ಮನಾಭನಗರಕ್ಕೂ ಉತ್ತರಹಳ್ಳಿಗೂ ನಡುವೆ, ಇಟ್ಟಮಡುವಿಗೆ ಅಂಟಿಕೊಂಡಿರುವ ಊರು ಚಿಕ್ಕಲಸಂದ್ರ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದಂತೆ ನಕ್ಷೆ ಹಾಕಿ ಬೆಳೆದದ್ದಲ್ಲ. ಹಳ್ಳಿಯ ಸುತ್ತಲಿನ ಹೊಲಗಳು ಸೈಟುಗಳಾಗಿ, ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತರ ಅಳತೆಯಲ್ಲಿ ಮನೆಗಳು ಒತ್ತೊತ್ತಾಗಿ ಎದ್ದವು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಆಮೇಲೆ ಅದರ ಮೇಲೊಂದು ಮಹಡಿ, ಅದರ ಮೇಲೊಂದು ಸಿಂಗಲ್ ರೂಮು. ಹೀಗಾಗಿ ಒಂದೇ ಮನೆಯ ಗೋಡೆಯನ್ನು ಬೀದಿಯಿಂದ ನೋಡಿದರೆ ಕಿಟಕಿಯ ಚರಿತ್ರೆಯೇ ಕೆಳಗಿನಿಂದ ಮೇಲಕ್ಕೆ ಕಾಣುತ್ತದೆ. ನೆಲಮಹಡಿಯಲ್ಲಿ ಹೊನ್ನೆ, ಮತ್ತಿ ಅಥವಾ ‘ಜಂಗಲ್ ವುಡ್’ ಚೌಕಟ್ಟು, ಚೌಕ ಸರಳು, ಗಾಜು ಕೂರಿಸಿದ ಮರದ ಬಾಗಿಲು. ಕೈ ಬಿಗಿಯಿದ್ದವರ ಮನೆಯಲ್ಲಿ ಅಚ್ಚು ಹಾಕಿದ ಸಿಮೆಂಟ್ ಚೌಕಟ್ಟು. ಮೊದಲ ಮಹಡಿಯಲ್ಲಿ ಜೆಡ್ ಸೆಕ್ಷನ್ನಿನ ಕಬ್ಬಿಣದ ಕಿಟಕಿ. ಎರಡನೆಯದರಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್. ಬಚ್ಚಲುಮನೆಯ ವೆಂಟಿಲೇಟರಿನಲ್ಲಿ ಮಾತ್ರ ಎಲ್ಲ ಮಹಡಿಯಲ್ಲೂ ಅದೇ ಪಿನ್‌ಹೆಡ್ ಗಾಜು, ಅದರಲ್ಲೊಂದು ಪಟ್ಟಿ ಇಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಿಸುಮಾರು ಒಂದು ಸಾವಿರ ಮಿಲಿಮೀಟರ್ ಮಳೆ. ಮಲೆನಾಡಿನ ಮುಂದೆ ಇದೇನೂ ಅಲ್ಲ. ಆದರೆ ಇಲ್ಲಿನ ಮಳೆ ಏಪ್ರಿಲ್–ಮೇ ತಿಂಗಳ ಗುಡುಗಿನಿಂದ ಹಿಡಿದು ಮುಂಗಾರು ದಾಟಿ ಹಿಂಗಾರಿನ ತನಕ ಹರಡಿಕೊಂಡಿರುತ್ತದೆ, ಗಾಳಿ ದಿಕ್ಕು ಬದಲಿಸುತ್ತಿರುತ್ತದೆ. ಪಡುವಣದ ಕಿಟಕಿ ಒಣಗುವಷ್ಟರಲ್ಲಿ ಮೂಡಣದ್ದು ನೆನೆಯುತ್ತದೆ. 2022ರಲ್ಲಿ ವಾಡಿಕೆಯ ಹತ್ತಿರಹತ್ತಿರ ಎರಡರಷ್ಟು ಮಳೆ ಬಿತ್ತು; ಅದುವರೆಗೆ ಹೇಗೋ ಸಾಗಿಬಂದಿದ್ದ ಎಷ್ಟೋ ಕಿಟಕಿಗಳ ಬಣ್ಣ ಗುಳ್ಳೆ ಎದ್ದದ್ದು ಆ ವರ್ಷ. ಬಿಸಿಲಿನದೂ ಒಂದು ಲೆಕ್ಕವಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಉತ್ತರದ ಗೋಡೆಗೆ. ಉತ್ತರದ ಕಿಟಕಿಗೆ ಬಿಸಿಲೇ ಇಲ್ಲವೆಂದು ಸಜ್ಜಾ ಚಿಕ್ಕದು ಮಾಡಿದವರಿಗೆ ಬಣ್ಣ ಯಾಕೆ ಸೀಳುತ್ತಿದೆ ಅನ್ನುವುದು ತಿಳಿಯದೇ ಹೋಗುತ್ತದೆ.

ನೀರಿನ ದಾರಿಗೆ ಬರೋಣ. ಸಜ್ಜಾದ ತುದಿಯ ತಳಭಾಗದಲ್ಲಿ ಉದ್ದಕ್ಕೂ ಬೆರಳಗಲದ ಒಂದು ಗೀರು ಇರಬೇಕು. ಅಂಚಿಗೆ ಬಂದ ನೀರು ಆ ಗೀರಿನಲ್ಲಿ ತಡೆದು ಕೆಳಗೆ ಬೀಳುತ್ತದೆ; ಗೀರು ಇಲ್ಲದಿದ್ದರೆ ತಳಕ್ಕೆ ಅಂಟಿಕೊಂಡೇ ಹಿಂದಕ್ಕೆ ಹರಿದು ಚೌಕಟ್ಟಿನ ತಲೆಗೆ ಇಳಿಯುತ್ತದೆ. ಕಿಟಕಿಯ ಕಟ್ಟೆಗೆ ಹಾಸಿದ ಕಡಪ ಅಥವಾ ಗ್ರಾನೈಟ್ ಹೊರಕ್ಕೆ ಇಳಿಜಾರಾಗಿ, ಗೋಡೆಯಿಂದ ಅರ್ಧ ಅಂಗುಲವಾದರೂ ಮುಂದೆ ಚಾಚಿರಬೇಕು. ನಮ್ಮ ಮನೆಗಳಲ್ಲಿ ಅದು ಮಟ್ಟಸವಾಗಿರುತ್ತದೆ, ಇಲ್ಲವೇ ಒಳಕ್ಕೆ ವಾಲಿರುತ್ತದೆ. ಅದರ ಮೇಲೆ ತುಳಸಿ, ದೊಡ್ಡಪತ್ರೆ, ಮನಿಪ್ಲಾಂಟ್ ಕುಂಡಗಳು. ಮಳೆ ನಿಂತ ಮೇಲೂ ದಿನಕ್ಕೆರಡು ಸಲ ನೀರು. ಇನ್ನೊಂದು ದಾರಿ ಚೌಕಟ್ಟಿಗೂ ಗೋಡೆಗೂ ನಡುವಿನ ಸೀಳು. ಮರ ಕುಗ್ಗಿ ಹಿಗ್ಗಿ ಗಾರೆ ಬಿಟ್ಟುಕೊಂಡಿರುತ್ತದೆ. ಇದಕ್ಕೆ ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಹಿಗ್ಗಿ ಕುಗ್ಗುವ, ಮೇಲೆ ಬಣ್ಣ ಹಿಡಿಯುವ ಸೀಲೆಂಟನ್ನೇ ತುಂಬಬೇಕು.

ಮರದ ಕಿಟಕಿ ಎಲ್ಲಿ ಸಾಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಬೇಕಾದರೆ ಚೌಕಟ್ಟಿನ ಕೆಳಪಟ್ಟಿಯನ್ನು ನೋಡಿ. ನಿಲುವು ಸರಳುಗಳು ಅದರಲ್ಲಿ ಕೊರೆದ ತೂತುಗಳಲ್ಲಿ ಕೂತಿರುತ್ತವೆ. ಮಳೆಯ ನೀರು ಸರಳಿನ ಗುಂಟ ಇಳಿದು ತೂತಿನೊಳಗೆ ನಿಲ್ಲುತ್ತದೆ. ಕಬ್ಬಿಣ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಊದಿದ್ದು ಮರವನ್ನು ಸೀಳುತ್ತದೆ, ಸೀಳಿನಲ್ಲಿ ಮತ್ತಷ್ಟು ನೀರು. ಮೇಲಿನಿಂದ ನೋಡಿದರೆ ಪ್ರತಿ ಸರಳಿನ ಬುಡದಲ್ಲೂ ಬಣ್ಣದ ಮೇಲೆ ಒಂದು ಕಂದು ಉಂಗುರ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಕಿಟಕಿಯ ಆಯಸ್ಸು ನಿರ್ಧಾರವಾಗುತ್ತದೆ. ಬಾಗಿಲಿನದು ಇನ್ನೊಂದು ಕಥೆ. ಅದರ ತಳದ ಅಂಚಿಗೆ ಬಣ್ಣವನ್ನೇ ಬಳಿದಿರುವುದಿಲ್ಲ. ಕಾಣದ ಜಾಗಕ್ಕೆ ಬ್ರಶ್ ಹೋಗುವುದಿಲ್ಲ, ಕೇಳುವವರೂ ಇಲ್ಲ. ಬಾಗಿಲು ತೆರೆದು ಕೆಳಗೆ ಒಂದು ಕೈಗನ್ನಡಿ ಹಿಡಿದು ನೋಡಿ: ಮೂವತ್ತು ವರ್ಷದ ಹಿಂದೆ ಗರಗಸ ಬಿಟ್ಟುಹೋದ ಹಸಿ ಮರವೇ ಕಾಣುತ್ತದೆ. ಮರ ನೀರು ಹೀರುವುದು ಹೆಚ್ಚಾಗಿ ನಾರು ಕೊನೆಗೊಳ್ಳುವ ಕೊಯ್ದ ತುದಿಯಿಂದ. ಇಲ್ಲಿ ಆ ತುದಿಯೇ ಬತ್ತಲೆಯಾಗಿ ನಿಂತಿದೆ.

ಇಷ್ಟು ಕಂಡ ಮೇಲೆ ರಿಪೇರಿ ಅಂದರೇನು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವ ತನಕ ಓರೆಯಾಗಿ ಕೊಯ್ದು ತೆಗೆದು, ಅದೇ ಜಾತಿಯ ಒಣಮರದ ತುಂಡನ್ನು ಅದೇ ಓರೆಗೆ ಹೊಂದಿಸಿ, ನೀರು ತಡೆಯುವ ಅಂಟು ಹಾಕಿ, ಮರದ ಗೂಟ ಹೊಡೆದು ಕೂರಿಸುವುದು. ಕೆಳಪಟ್ಟಿ ಪೂರ್ತಿ ಹೋಗಿದ್ದರೆ ಅದೊಂದನ್ನೇ ಬದಲಿಸಬಹುದು. ಮೂರು ಕಡೆಯ ಚೌಕಟ್ಟು ಗೋಡೆಯಲ್ಲಿ ಹಾಗೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೆ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಹಿಡಿದ ಹಾದಿ ಇದೇ: ಕೆಟ್ಟದ್ದನ್ನಷ್ಟೇ ತೆಗೆ, ಉಳಿದದ್ದನ್ನು ಮುಟ್ಟಬೇಡ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ 1981ರಲ್ಲಿ ಹಳೆಯ ಮರದ ಕಿಟಕಿಗಳ ರಿಪೇರಿಗೆಂದೇ ಒಂದು ಕೈಪಿಡಿ ಹೊರಡಿಸಿತು. ಅಲ್ಲಿ ಪಾರಂಪರಿಕ ಕಟ್ಟಡಗಳಿಗಾಗಿ ಹೇಳಿದ ಮಾತು ಚಿಕ್ಕಲಸಂದ್ರದ ಒಂದೂವರೆ ಚದರದ ಹಾಲಿಗೂ ಸಲ್ಲುತ್ತದೆ. ಕಾರಣ ಪರಂಪರೆಯಲ್ಲ, ಮರ.

ಆ ಹೊನ್ನೆ, ಆ ಮತ್ತಿ ಈಗ ಸುಲಭಕ್ಕೆ ಸಿಗುವುದಿಲ್ಲ. ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ ದೇಶದ ಕಾಡುಗಳಲ್ಲಿ ಮನಸ್ಸಿಗೆ ಬಂದಂತೆ ಕಡಿಯುವುದಕ್ಕೆ ಕಡಿವಾಣ ಬಿತ್ತು, ಬೀಳಲೇಬೇಕಿತ್ತು. ಬರ್ಮಾ ತೇಗ ಅಂದರೆ ಕಣ್ಣರಳಿಸುತ್ತಿದ್ದವರಿಗೆ 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಈಗ ಟಿಂಬರ್ ಯಾರ್ಡಿನಲ್ಲಿ ಸಿಗುವ ತೇಗ ಹೆಚ್ಚಾಗಿ ನೆಡುತೋಪಿನದು, ಎಳೆಯದು, ಚೇಗಿಗಿಂತ ಬಿಳಿಮರವೇ ಜಾಸ್ತಿ. ಹಳೆ ಚೌಕಟ್ಟಿನ ಮೂರು ಪಟ್ಟಿಗಳಲ್ಲಿರುವುದು ಪೂರ್ತಿ ಚೇಗು. ಗುಜರಿಯವನು ಉಗುರಿನಿಂದ ಕೆರೆದು ನೋಡಿದ್ದು ಅದನ್ನೇ. ಯಾವ ಮರ ಅಂತ ಖಾತ್ರಿ ಮಾಡಿಕೊಳ್ಳಬೇಕು ಅನ್ನುವವರಿಗೆ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಮರದ ತುಂಡು ನೋಡಿ ಜಾತಿ ಹೇಳುವುದು ಅಲ್ಲಿನ ಕೆಲಸಗಳಲ್ಲೊಂದು.

ಹುಳದ ವಿಚಾರದಲ್ಲಿ ಒಂದು ಗೊಂದಲ ಎಲ್ಲ ಮನೆಯಲ್ಲೂ ಇದೆ. ಕಿಟಕಿಯ ಕೆಳಗೆ ಜರಡಿ ಹಿಡಿದಂಥ ನುಣುಪು ಹಿಟ್ಟು ಉದುರಿದ್ದರೆ ಅದು ಕುಟ್ಟೆ. ಮರದ ಮೇಲೆ ಗುಂಡುಸೂಜಿ ತಲೆಯಷ್ಟು ತೂತುಗಳಿರುತ್ತವೆ; ತೂತಿಗೆ ಔಷಧ ಬಿಟ್ಟು, ಮೇಣ ತುಂಬಿ, ಬಣ್ಣ ಬಳಿದರೆ ಹತೋಟಿಗೆ ಬರುತ್ತದೆ. ಮಣ್ಣಿನ ಕೊಳವೆ ಗೋಡೆ ಹಿಡಿದು ಬಂದಿದ್ದರೆ ಗೆದ್ದಲು. ಅದು ಕಿಟಕಿಯ ಕಾಯಿಲೆಯಲ್ಲ, ಮನೆಯದ್ದು. ನೆಲದಿಂದ ಎದ್ದು ಗೋಡೆಯೊಳಗೆ ಬಂದಿರುತ್ತದೆ. ಚೌಕಟ್ಟು ಬದಲಿಸಿ ಗೆದ್ದಲನ್ನು ಬಿಟ್ಟರೆ ಅದಕ್ಕೆ ಹೊಸ ಊಟ ಬಡಿಸಿದಂತೆ. ಕಟ್ಟಿ ಮುಗಿದ ಮನೆಗೆ ಗೆದ್ದಲು ತಡೆ ಹೇಗೆ ಮಾಡಬೇಕು ಅನ್ನುವುದಕ್ಕೆ ಐ.ಎಸ್. 6313ರ ಮೂರನೇ ಭಾಗವೇ ಇದೆ; ಕೆಲಸಕ್ಕೆ ಬಂದವರನ್ನು ಅದರಂತೆ ಮಾಡುತ್ತೀರಾ ಎಂದು ಕೇಳಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಬಿಗಿಯಾದ ಬಾಗಿಲನ್ನು ಮಳೆಗಾಲದಲ್ಲಿ ಕೀಸಿಸಬೇಡಿ. ಆಗ ಮರ ನೀರು ಕುಡಿದು ಉಬ್ಬಿರುತ್ತದೆ. ಮಾರ್ಚ್‌ನಲ್ಲಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದಿ ಬಿಡುತ್ತದೆ, ಆಮೇಲೆ ರಾತ್ರಿಯೆಲ್ಲ ಗಾಳಿಗೆ ಲಟಲಟ. ಅಂಚಿಗೆ ಮೇಣದಬತ್ತಿ ಉಜ್ಜಿ ಅಷ್ಟು ದಿನ ತಳ್ಳಿ. ಜೋತುಬಿದ್ದ ಬಾಗಿಲಿಗೆ ಕಾರಣ ಸಾಮಾನ್ಯವಾಗಿ ಮೇಲಿನ ಹಿಂಜಿನ ಸ್ಕ್ರೂ ಸಡಿಲವಾಗಿರುವುದು. ದೊಡ್ಡ ಸ್ಕ್ರೂ ತಿರುಪುವ ಮೊದಲು ತೂತಿಗೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ಮೂರುನಾಲ್ಕು ತುರುಕಿ, ಒಣಗಿದ ಮೇಲೆ ಹಳೆ ಸ್ಕ್ರೂವನ್ನೇ ತಿರುಪುವ ಉಪಾಯ ಯಾವ ಬಡಗಿಗೂ ಗೊತ್ತು. ಗಾಜಿನ ಸುತ್ತಲಿನ ಪುಟ್ಟಿ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ್ದು. ಎಣ್ಣೆ ಆರಿದಂತೆ ಅದು ಕಲ್ಲಾಗಿ, ಬಿರುಕು ಬಿಟ್ಟು, ಒಂದು ದಿನ ಗೋಲಿ ಆಡುವ ಹುಡುಗರ ಕೈಗೆ ಸಿಗುತ್ತದೆ. ಹೊಸದಾಗಿ ಮೆತ್ತಿದ ಮೇಲೆ ಬಣ್ಣ ಬಳಿಯಲೇಬೇಕು. ಬಣ್ಣ ಗಾಜಿನ ಮೇಲೂ ಒಂದು ಗೆರೆಯಷ್ಟು ಹತ್ತಿರಬೇಕು, ಆಗಲೇ ಸಂದಿ ಮುಚ್ಚುವುದು. ಗಾಜು ಸ್ವಚ್ಛವಾಗಿ ಕಾಣಲೆಂದು ಆ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು ಬಹಳ ಮನೆಗಳ ಅಭ್ಯಾಸ.

ಬಣ್ಣದ ಮಾತು ಬಂದದ್ದರಿಂದ, ಯಾರೂ ಹೇಳದ ಒಂದು ಅಪಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು, ಹಳದಿ, ಹಸಿರಿನಂಥ ಗಾಢ ಬಣ್ಣಗಳಲ್ಲಿ ಜಾಸ್ತಿ. ನಮ್ಮ ಕಿಟಕಿಗಳ ಬಣ್ಣ ಯಾವುದಿತ್ತು, ನೆನಪು ಮಾಡಿಕೊಳ್ಳಿ. ಅಮೆರಿಕ 1978ರಲ್ಲೇ ಮನೆ ಬಣ್ಣದಲ್ಲಿ ಸೀಸಕ್ಕೆ ತಡೆ ಹಾಕಿತ್ತು. ಭಾರತದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅಂದರೆ ಅದಕ್ಕೆ ಮೊದಲು ಬಳಿದ ಯಾವ ಪದರದಲ್ಲಾದರೂ ಸೀಸ ಇದ್ದೀತು. ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದವರಲ್ಲಿ ಮುಖ್ಯರಾದ ತುಪ್ಪಿಲ್ ವೆಂಕಟೇಶ್ ನಮ್ಮೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಪ್ರಾಧ್ಯಾಪಕರಾಗಿದ್ದವರು. ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಕೇಡು. ನೆಲದ ಧೂಳಿನಿಂದ ಕೈಗೆ, ಕೈಯಿಂದ ಬಾಯಿಗೆ ಹೋಗಿ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಹೀಗಿರುವಾಗ ಪೇಂಟರ್ ಹುಡುಗ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಹಾಲಿನಲ್ಲಿ ಮಗು ಆಡುತ್ತಿರುವಾಗಲೇ, ಕರೆಂಟಿನ ಸ್ಯಾಂಡರ್ ಹಿಡಿದು ಹಳೆ ಕಿಟಕಿ ಉಜ್ಜುವುದನ್ನು ಕಂಡರೆ ನಿಲ್ಲಿಸಬೇಕು. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಕೈಯಲ್ಲೇ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಕೆಸರನ್ನು ಅದರಲ್ಲೇ ಸುತ್ತಿ ತೆಗೆಯಿರಿ. ಗುಡಿಸುವುದು ಬೇಡ, ಒರೆಸಿ. ಗಟ್ಟಿಯಾಗಿ ಹಿಡಿದಿರುವ ಬಣ್ಣವನ್ನು ಕೆರೆಯದೆ ಅದರ ಮೇಲೇ ಬಳಿಯುವುದು ಇನ್ನೂ ಒಳ್ಳೆಯದು.

ಕಬ್ಬಿಣದ ಕಿಟಕಿಯದು ಚಿಕ್ಕ ಅಧ್ಯಾಯ. ತುಕ್ಕು ಮೇಲುಮೇಲಿನದಾದರೆ ವೈರ್ ಬ್ರಶ್, ರೆಡ್ ಆಕ್ಸೈಡ್, ಎರಡು ಕೋಟ್ ಎನಾಮೆಲ್. ಕೆಳಗಿನ ಜೆಡ್ ಪಟ್ಟಿ ಜರಡಿಯಾಗಿದ್ದರೆ ಅಷ್ಟು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬಹುದು, ಗಾಜು ಮೊದಲು ತೆಗೆಸಿ. ಸಿಮೆಂಟ್ ಚೌಕಟ್ಟು ಬಿರುಕು ಬಿಟ್ಟು ಒಳಗಿನ ಕಂಬಿ ಕಂಡಿತೆಂದರೆ ಮೆತ್ತುವ ಕೆಲಸ ಹೆಚ್ಚು ದಿನ ಬಾರದು. ಬದಲಿಸುವುದೇ ಸರಿ ಅನ್ನುವ ಸಂದರ್ಭಗಳಲ್ಲಿ ಇದೊಂದು.

ಅಲ್ಯೂಮಿನಿಯಂ, ಯುಪಿವಿಸಿಗಳನ್ನು ಬೈಯುವುದು ಸುಲಭ, ನ್ಯಾಯವಲ್ಲ. ಮುಖ್ಯರಸ್ತೆಯ ಮೇಲಿರುವ ಮನೆಯವರಿಗೆ ಬಸ್ಸಿನ ಹಾರ್ನಿನಿಂದ ಬಿಡುಗಡೆ ಬೇಕು. ಸುತ್ತ ರಬ್ಬರ್ ಇರುವ, ಬಿಗಿಯಾಗಿ ಮುಚ್ಚುವ ಕಿಟಕಿ ಆ ಕೆಲಸ ಮಾಡುತ್ತದೆ. ಗೆದ್ದಲಿಗೆ ಅಲ್ಲಿ ಊಟವಿಲ್ಲ. ಆದರೆ ಇವಕ್ಕೂ ರಿಪೇರಿ ಬೇಕು, ಅದನ್ನು ಮಾರುವಾಗ ಯಾರೂ ಹೇಳುವುದಿಲ್ಲ. ಚೌಕಟ್ಟಿಗೇನೂ ಆಗಿರುವುದಿಲ್ಲ, ಅಡಿಯ ರೋಲರ್ ಸವೆದು ಬಾಗಿಲು ಓಡುವುದಿಲ್ಲ; ರಬ್ಬರ್ ಬಿರುಸಾಗಿ ಕಿತ್ತು ಬರುತ್ತದೆ; ಟ್ರ್ಯಾಕಿನಲ್ಲಿ ನೀರು ಹೊರಹೋಗಲು ಬಿಟ್ಟ ಸಣ್ಣ ಕಂಡಿಗಳನ್ನು ಧೂಳು ಮುಚ್ಚಿ, ಮಳೆ ಬಂದಾಗ ಟ್ರ್ಯಾಕೇ ತೊಟ್ಟಿಯಾಗಿ ನೀರು ಒಳಕ್ಕೆ ಉಕ್ಕುತ್ತದೆ. ಕಿಟಕಿ ಹಾಳಾಯಿತೆಂದು ಕರೆಸಿದ ಎಷ್ಟೋ ಕಡೆ ಆಗಬೇಕಾದದ್ದು ಹಳೆ ಹಲ್ಲುಜ್ಜುವ ಬ್ರಶ್ಶಿನ ಕೆಲಸ. ಅಲ್ಯೂಮಿನಿಯಂ ರೋಲರ್ ಬೀದಿಯ ಅಂಗಡಿಯಲ್ಲೂ ಸಿಗುತ್ತದೆ. ಯುಪಿವಿಸಿಯ ಹಿಡಿ, ಲಾಕು ಆಯಾ ಕಂಪನಿಯ ಅಳತೆಯವು. ಹಾಕಿದವನು ಅಂಗಡಿ ಮುಚ್ಚಿದರೆ ಹುಡುಕಾಟ ಶುರು. ಟಫನ್ಡ್ ಗಾಜು ಹಾಕಿಸುವವರು ಅಳತೆ ಎರಡು ಸಲ ತೆಗೆಸಬೇಕು, ಕುಲುಮೆಯಿಂದ ಬಂದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ.

ಗಾಳಿಯ ಲೆಕ್ಕವನ್ನು ಮಾತ್ರ ಬದಲಿಸುವ ಮುನ್ನ ಕೂತು ಹಾಕಬೇಕು. ತೀರಾ ಸೆಕೆಯೂ ತೀರಾ ಚಳಿಯೂ ಅಲ್ಲದ ಹವೆಯಲ್ಲಿ ಕಿಟಕಿಗಳ ಅಳತೆ ನೆಲದ ಎಂಟನೇ ಒಂದು ಭಾಗದಷ್ಟಾದರೂ ಇರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಹತ್ತು–ಹನ್ನೆರಡರ ಕೋಣೆಗೆ ಹದಿನೈದು ಚದರಡಿ. ನಾಲ್ಕು–ನಾಲ್ಕರ ಹಳೆ ಕಿಟಕಿ ಹದಿನಾರು, ಬಾಗಿಲು ತೆರೆದರೆ ಹೆಚ್ಚುಕಡಿಮೆ ಅಷ್ಟೂ ಗಾಳಿಗೆ. ಅದೇ ಜಾಗದಲ್ಲಿ ಎರಡು ಬಾಗಿಲಿನ ಸ್ಲೈಡಿಂಗ್ ಹಾಕಿದರೆ ಒಂದು ಇನ್ನೊಂದರ ಹಿಂದೆ ಸರಿಯುತ್ತದೆ. ಗಾಳಿಗೆ ಉಳಿದದ್ದು ಎಂಟು. ಅದಕ್ಕೆ ಸೊಳ್ಳೆಪರದೆ, ಪರದೆಗೆ ಆರು ತಿಂಗಳ ಧೂಳು. ಫ್ಯಾನಿಲ್ಲದೆ ಮಲಗುತ್ತಿದ್ದ ಬೆಂಗಳೂರು ಎಲ್ಲಿ ಹೋಯಿತೆಂದು ಹವಾಮಾನವನ್ನು ಮಾತ್ರ ದೂರಿದರೆ ಸಾಲದು. ಡಬಲ್ ಗಾಜು, ಮುಚ್ಚಿದ ಸಂದಿ, ಇವೆಲ್ಲ ಮನೆಯೊಳಗಿನ ಬಿಸಿ ಹೊರಹೋಗದಂತೆ ಚಳಿದೇಶಗಳಿಗೆಂದು ಹುಟ್ಟಿದ ಏರ್ಪಾಡು. ನಮಗೆ ಅದರಲ್ಲಿ ಬೇಕಿರುವುದು ಸದ್ದು ತಡೆಯುವ ಗುಣವೊಂದೇ. ಬೀದಿಗಿರುವ ಒಂದು ಕಿಟಕಿಗೆ ಅದನ್ನು ಹಾಕಿಸಿ, ಮಿಕ್ಕವನ್ನು ರಿಪೇರಿ ಮಾಡಿಸಿದರೆ ಆಯಿತು. ಇಡೀ ಮನೆಗೆ ಒಂದೇ ಥರ ಇರಬೇಕು ಅನ್ನುವುದು ಬ್ರೋಷರಿನ ಆಸೆ.

ಇಷ್ಟೆಲ್ಲ ಹೇಳಿದ ಮೇಲೂ ರಿಪೇರಿಗೆ ಎದುರಾಗುವ ನಿಜವಾದ ತೊಡಕು ಬೇರೆಯೇ. ಬರುವವರಿಲ್ಲ. ‘ಚಿಲ್ಲರೆ ಕೆಲಸ ಸಾರ್, ದಿನ ಹಾಳು’ ಅನ್ನುವ ಬಡಗಿಯದು ತಪ್ಪಲ್ಲ. ಮಾಡ್ಯುಲರ್ ಕಿಚನ್ನಿನಲ್ಲಿ ಚದರಡಿಗೆ ಇಷ್ಟೆಂದು ಎಣಿಸಿಕೊಳ್ಳುವ ಕೈ, ಕೊಳೆತ ಮೂಲೆಯೊಂದಕ್ಕೆ ತೇಪೆ ಹಾಕಲು ಅರ್ಧ ದಿನ ಕೂರಬೇಕು. ಅದಕ್ಕೆ ರೇಟೇ ಇಲ್ಲ. ಚೌಕಾಸಿ ಮಾಡುವ ಮನೆಯವರು ಬೇರೆ. ದಿನಗೂಲಿ ಒಪ್ಪಿ, ಮನೆಯ ಎಲ್ಲ ಕಿಟಕಿಗಳ ಪಟ್ಟಿ ಮೊದಲೇ ಮಾಡಿ, ಪಕ್ಕದ ಮನೆಯವರದನ್ನೂ ಸೇರಿಸಿ ಎರಡು ಮೂರು ದಿನದ ಕೆಲಸ ತೋರಿಸಿದರೆ ಬರುತ್ತಾರೆ. ಪಕ್ಕದ ಮನೆಯವರು ಇನ್ನೊಂದು ಕಾರಣಕ್ಕೂ ಬೇಕು. ಎರಡು ಮನೆಗಳ ನಡುವೆ ಮೂರಡಿಯೂ ಇಲ್ಲದ ಕಡೆ ಕಿಟಕಿಯ ಹೊರಮೈಗೆ ಏಣಿ ಹಾಕುವುದು ಅವರ ಜಾಗದಲ್ಲೇ. ಅವರ ಸಜ್ಜಾದ ನೀರು ನಿಮ್ಮ ಕಿಟಕಿಗೆ ಬೀಳುತ್ತಿದ್ದರೆ ಆ ಮಾತನ್ನು ಏಣಿ ಇಳಿಸಿದ ಮೇಲೆ ತೆಗೆಯುವುದು ಜಾಣತನ.

ಬಾಡಿಗೆ ಮನೆಯಲ್ಲಿ ಯಾರ ಖರ್ಚು? ಚಿಕ್ಕಲಸಂದ್ರದಂಥ ಕಡೆ ಇದು ದಿನದ ಜಗಳ. ಕರಾರುಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆಯವರು ಮನೆಯನ್ನು ತಾವು ಬಂದಾಗ ಇದ್ದ ಸ್ಥಿತಿಯಲ್ಲಿ ಇಡಬೇಕು, ಬಳಕೆಯ ಸಹಜ ಸವೆತ ಅದಕ್ಕೆ ಹೊರತು. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆಯವರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದೆಂದೂ ಅದೇ ಸೆಕ್ಷನ್ ಹೇಳುತ್ತದೆ. ಮಾಲೀಕರು ಮಾಡಿಸಲೇಬೇಕಾದದ್ದು ಯಾವುದು ಅನ್ನುವುದು ಕರಾರಿನಲ್ಲಿ ಬರೆದಿರಬೇಕು. ನಮ್ಮ ಹನ್ನೊಂದು ತಿಂಗಳ ಸಿದ್ಧ ಕರಾರುಗಳಲ್ಲಿ ಅದು ಇರುವುದಿಲ್ಲ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾತ್ರ ತಪ್ಪದೆ ಇರುತ್ತದೆ. ಆ ದುಡ್ಡು ಗೋಡೆಗೆ ಹೋಗುತ್ತದೆ, ಕಿಟಕಿಯ ತಳದ ಅಂಚಿಗೆ ಹೋಗುವುದಿಲ್ಲ. ಮುಂದಿನ ಬಾಡಿಗೆಯವರು ಬರುವ ನಡುವಿನ ವಾರದಲ್ಲಿ ಮನೆ ಖಾಲಿಯಿರುತ್ತದೆ, ಪೇಂಟರ್ ಹೇಗೂ ಬಂದಿರುತ್ತಾರೆ. ಬಾಗಿಲುಗಳನ್ನು ಹಿಂಜಿನಿಂದ ಬಿಚ್ಚಿ ನೆಲದ ಮೇಲೆ ಮಲಗಿಸಿ ಆರು ಮೈಗೂ ಬಳಿಯಿರಿ ಎಂದು ಮಾಲೀಕರು ಆಗ ಹೇಳಿದರೆ ಹೆಚ್ಚಿಗೆ ತಗಲುವುದು ಒಂದು ದಿನದ ಕೂಲಿ.